ಬಾಗಿಲಿಗೆ ಬಂದ ತೊಟ್ಟಿಲು

"ಮುಟ್ಟಬೇಡಿ ಅತ್ತೆ, ವಾರ್ನಿಷ್ ಇನ್ನೂ ಅಂಟ್ತಾ ಇದೆ."

ಕನ್ನಡಕದಂಗಡಿಯ ಹುಡುಗಿ ಹೇಳಿ ಮುಗಿಸುವಷ್ಟರಲ್ಲಿ ಅತ್ತೆ ಮುಟ್ಟಿ ಆಗಿತ್ತು. ಬೇಡ ಅಂದದ್ದನ್ನು ಮೊದಲು ಮಾಡುವುದೇ ಅವರ ಕಸುಬಾಗಿತ್ತು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತಿ, ಸುಟ್ಟ ಗೋದಾಮುಗಳ ಬೂದಿ ಕೆದಕಿ ಹೆಸರು ಮಾಡಿದವರು. ನಿವೃತ್ತಿಯಾದ ಮೇಲೆ ಕೆದಕಲು ಈ ಬೀದಿಯೊಂದೇ ಉಳಿದಿತ್ತು. ಬೀದಿಯವರೂ ಬೇಸರಪಟ್ಟುಕೊಳ್ಳದೆ 'ಪತ್ತೆ ಅತ್ತೆ' ಎಂದು ಹೆಸರಿಟ್ಟು ಸುಮ್ಮನಾಗಿದ್ದರು.

ಅಂಟಿದ ಬೆರಳನ್ನು ಮೂಸಿ ನೋಡಿ ಅತ್ತೆಗೆ ಖುಷಿಯಾಯಿತು. ಕೈಕೆಲಸ, ಒಳ್ಳೆಯ ಮರ, ಒಂದು ಮೊಳೆಯೂ ಇಲ್ಲದ ಜೋಡಣೆ. ಇಷ್ಟು ಚೆಂದದ ಅಪರಾಧವನ್ನು ಅವರು ನೋಡಿ ಬಹಳ ಕಾಲವಾಗಿತ್ತು.

ಹುಡುಗಿಗೆ ಮಾತ್ರ ಅದು ಅಪರಾಧವೇ. ಬೆಳಿಗ್ಗೆ ಅವಳ ಗಂಡ ಬಾಗಿಲು ತೆರೆದಾಗ ಈ ತೊಟ್ಟಿಲು ಹಳೆಯ ಹೊದಿಕೆ ಹೊದ್ದು ಹೊಸ್ತಿಲ ಹೊರಗೆ ಕೂತಿತ್ತು. ಅವಳು ಬಸುರಿ ಎನ್ನುವುದು ಗಂಡನಿಗೆ, ಡಾಕ್ಟರಿಗೆ ಬಿಟ್ಟು ಇನ್ನೊಂದು ನರಪಿಳ್ಳೆಗೂ ಗೊತ್ತಿರಲಿಲ್ಲ. ಅವಳಿಗೇ ಗೊತ್ತಾಗಿದ್ದು ಹೋದ ವಾರ.

"ಹೋದ ಸಲ ಎಲ್ಲರಿಗೂ ಹೇಳಿದ್ವಿ ಅತ್ತೆ," ಎಂದಳು ಹುಡುಗಿ. "ಮಗು ಉಳೀಲಿಲ್ಲ. ಆಮೇಲೆ ಒಬ್ಬೊಬ್ಬರಿಗೂ ನಾನೇ ಹೇಳಬೇಕಾಯ್ತು, ಇಲ್ಲ ಅಂತ. ಬ್ರೆಡ್ ತರೋಕೆ ಹೋದ್ರೆ ಅಲ್ಲಿ ಹೇಳಬೇಕು, ಮೆಟ್ಟಿಲ ಮೇಲೆ ಸಿಕ್ಕವರಿಗೆ ಹೇಳಬೇಕು. ಈ ಸಲ ಬಾಯಿಗೆ ಬೀಗ ಹಾಕ್ಕೊಂಡಿದ್ವಿ. ಯಾರೋ ಬಂದು ಡಂಗುರ ಸಾರಿಬಿಟ್ರು."

ಹೋದ ಸಲ ಸಮಾಧಾನ ಹೇಳಲು ಬಂದವರಲ್ಲಿ ಅತ್ತೆಯೂ ಒಬ್ಬರು.

ಹುಡುಗಿ ಎದ್ದು ಹೋಗಿ ಅಡುಗೆಮನೆಯ ಗೋಡೆಯಿಂದ ಸೋಪಿನ ಪೆಟ್ಟಿಗೆಯಷ್ಟಿದ್ದ ಡಬ್ಬಿಯೊಂದನ್ನು ಕಿತ್ತು ತಂದಳು. ಅದರೊಳಗಿನ ಮರದ ಬಿಲ್ಲೆಯನ್ನು ಎಳೆದು ಅತ್ತೆಯ ಕೈಗಿಟ್ಟಳು. ಬಿಲ್ಲೆಯ ಮೇಲೆ ಮರಕುಟಿಗದ ಚಿತ್ರವಿತ್ತು.

"ಈ ಮರಕುಟಿಗ ನಮ್ಮ ಮನೆ ಕುಟ್ಟಿದ್ದು ಸಾಕು, ತಗೊಂಡು ಹೋಗಿ. ಇವತ್ತು ಸಂಜೆ ಅಂಗಳದಲ್ಲಿ ಸಭೆ ಇದೆಯಲ್ಲ, ಇದರಿಂದ ನಮ್ಮ ಮನೆ ಗುಟ್ಟು ಓದಿದ್ದು ಯಾರು ಅಂತ ಅಲ್ಲಿ ಗೊತ್ತಾಗಬೇಕು. ಇಲ್ಲಾಂದ್ರೆ ನಾವು ಬೇರೆ ಕಡೆ ಮನೆ ನೋಡ್ಕೋತೀವಿ."

ಅವಳು ಕೂಗಾಡಿದ್ದರೆ ಅತ್ತೆ ಅಷ್ಟು ಹೆದರುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು, ಹೇಳಿ ತೊಟ್ಟಿಲಿನ ಕಡೆ ಬೆನ್ನು ಹಾಕಿ ಕೂತಳು.

ಹೊರಡುವ ಮುಂಚೆ ಅತ್ತೆ ಹೆಂಗಸರ ಮಾತಿನಂತೆ ವಾಂತಿ ಗೀಂತಿ ಇದೆಯೇ ಎಂದು ವಿಚಾರಿಸಿದರು. ಒಂದು ದಿನವೂ ಇಲ್ಲ, ಬೆಳಿಗ್ಗೆ ಗಂಡ ಎಬ್ಬಿಸುವ ತನಕ ಎಚ್ಚರವೇ ಆಗುವುದಿಲ್ಲ, ಅದಕ್ಕೇ ಹೆದರಿಕೆ ಎಂದಳು ಹುಡುಗಿ. ಅತ್ತೆ ಅದನ್ನು ತಲೆಯ ಒಂದು ಮೂಲೆಯಲ್ಲಿಟ್ಟುಕೊಂಡು ಮೆಟ್ಟಿಲಿಳಿದರು.

ಡಬ್ಬಿಯ ಕಥೆ ಇಷ್ಟು. ದೊಡ್ಡ ಕಂಪನಿಗಳ ಯಂತ್ರಗಳು ಮನೆಯೊಳಗೆ ಬಂದರೆ ನಮ್ಮ ಗುಟ್ಟೆಲ್ಲ ಅವರ ಪಾಲು ಎಂದು ಈ ಬೀದಿಯವರು ತಾವೇ ಸೇರಿ ಜಾಲ ಕಟ್ಟಿಕೊಂಡಿದ್ದರು. ನಿವೃತ್ತ ಲೈನ್‌ಮನ್ ಒಬ್ಬರು ತಂತಿ ಎಳೆದು, ಬೆಸುಗೆ ಹಾಕಿ, ಮನೆಗೊಂದರಂತೆ ಡಬ್ಬಿ ಮಾಡಿಕೊಟ್ಟರು. ಕೊಳಾಯಿಯಲ್ಲಿ ನೀರು ಹರಿಯುವುದು, ಬಾಗಿಲು ತೆರೆಯುವುದು ಅದಕ್ಕೆ ತಿಳಿಯುತ್ತದೆ. ಎಲ್ಲೋ ನೀರು ಸೋರಿದರೆ, ಒಂಟಿಯಾಗಿರುವವರ ಮನೆಯಲ್ಲಿ ಬೆಳಿಗ್ಗೆ ಕೊಳಾಯಿ ತಿರುಗದೇ ಹೋದರೆ, ಲಾಂಡ್ರಿ ಕೋಣೆಯ ಪರದೆಯ ಮೇಲೆ ದೀಪ ಹತ್ತುತ್ತದೆ. ಲೈನ್‌ಮನ್ ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗ ಅವರನ್ನು ಉಳಿಸಿದ್ದು ಅವರದೇ ಡಬ್ಬಿ.

ಗುಟ್ಟು ಕಾಯುವ ಉಪಾಯ ಮಾತ್ರ ಅತ್ತೆಯದು. ಡಬ್ಬಿಗೆ ಮನೆಯ ಹೆಸರಿಲ್ಲ, ಹಕ್ಕಿಯ ಹೆಸರು. ತಿಂಗಳ ಮೊದಲ ದಿನ ಅಂಗಳದಲ್ಲಿ ಮಡಕೆಗೆ ಕೈಹಾಕಿ ಮನೆಗೊಂದು ಬಿಲ್ಲೆ ಎತ್ತಬೇಕು. ಚಿತ್ರ ಗೋಡೆಯ ಕಡೆಗಿರುವಂತೆ ಡಬ್ಬಿಗೆ ತೂರಿಸಿದರೆ ಆ ತಿಂಗಳು ಆ ಮನೆ ಆ ಹಕ್ಕಿ. ಗುಬ್ಬಿಯ ಮನೆಯಲ್ಲಿ ನೀರು ಸೋರುತ್ತಿದೆ ಎಂದು ಪರದೆ ಹೇಳಿದರೆ ಗುಬ್ಬಿ ಯಾರೋ ಅವರೇ ಓಡಿಹೋಗಿ ನಲ್ಲಿ ಮುಚ್ಚಬೇಕು. ಕೊಳಾಯಿ ತಿರುಗದ ಮನೆಯಾದರೆ ಮಾತ್ರ ಡಬ್ಬಿಯೇ ಅಕ್ಕಪಕ್ಕದವರಿಗೆ ಕೇಳುವಂತೆ ಕೂಗಿಕೊಳ್ಳುತ್ತದೆ. ಮಧ್ಯರಾತ್ರಿಗೆ ಹಿಂದಿನ ದಿನದ್ದೆಲ್ಲ ಅಳಿಸಿಹೋಗುತ್ತದೆ. ಇದಕ್ಕಿಂತ ಭದ್ರ ಬೇರೆ ಏನಿದೆ ಎಂದು ಅತ್ತೆ ಸಿಕ್ಕವರೆದುರು ಕೊಚ್ಚಿಕೊಂಡದ್ದೂ ಉಂಟು.

ಅದೇ ಜಂಬದ ಬಿಲ್ಲೆಯನ್ನು ಈಗ ಚೀಲಕ್ಕೆ ಹಾಕಿಕೊಂಡು ಬೀದಿಯ ಬಡಗಿಯ ಹತ್ತಿರ ಹೊರಟರು.

ಬಡಗಿ ತನ್ನ ಅಂಗಡಿಯಲ್ಲಿ ಕುರ್ಚಿಯೊಂದರ ಕಾಲು ಕೂರಿಸುತ್ತಿದ್ದ. ಅತ್ತೆಯ ಮುಖ ಕಂಡವನೇ ಎರಡೂ ಕೈಗಳ ಮೇಲಿನ ಮರದ ಹುಡಿಯನ್ನು ಕೊಡವಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಜಾತಿ ಇವನದು.

"ಮಾಡಿದ್ದು ನಾನೇ," ಎಂದ. "ಮಾಡಿಸಿದ್ದು ಯಾರು ಅಂತ ಕೇಳಬೇಡಿ. ಗಿರಾಕಿ ಗುಟ್ಟು ಬಿಡಬಾರದು ಅಂತ ಸಭೇಲಿ ಹೇಳಿಕೊಟ್ಟಿದ್ದು ನೀವೇ."

"ಕೇಳಲ್ಲಪ್ಪ. ಕೆಲಸ ಯಾವಾಗ ಶುರು ಮಾಡ್ದೆ, ಅದನ್ನ ಹೇಳು."

ಅದರಲ್ಲಿ ಗುಟ್ಟೇನಿಲ್ಲ ಎಂದು ಬಡಗಿ ಹಿಗ್ಗಿ ಹೇಳಿದ. ಈ ತಿಂಗಳ ಬಿಲ್ಲೆ ಎತ್ತಿದ ಮೂರು ನಾಲ್ಕು ದಿನಕ್ಕೇ ಮರ ಆರಿಸಿದ್ದು. ಇಂಥ ತೊಟ್ಟಿಲು ಅವಸರದ ಕೆಲಸವಲ್ಲ, ಅಂಟು ಆರಬೇಕು, ಉಜ್ಜಬೇಕು, ಮತ್ತೆ ಉಜ್ಜಬೇಕು.

ಅತ್ತೆ ಅಲ್ಲೇ ಇದ್ದ ಕಾಲಿಲ್ಲದ ಕುರ್ಚಿಯ ಮೇಲೆ ಕೂರಲು ಹೋಗಿ ಸಾವರಿಸಿಕೊಂಡರು. ತಿಂಗಳ ಮೊದಲಲ್ಲಿ ಹುಡುಗಿಗೇ ತಾನು ಬಸುರಿ ಎಂದು ಗೊತ್ತಿರಲಿಲ್ಲ. ತಾಯಿಗಿಂತ ಮೊದಲೇ ಯಾರೋ ತೊಟ್ಟಿಲು ಮಾಡಿಸಿದ್ದಾರೆ.

ಬಡಗಿ ತನ್ನ ಪಾಡಿಗೆ ಮಾತಾಡುತ್ತಲೇ ಇದ್ದ. ಗಿರಾಕಿಯ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡ ಭಾರಕ್ಕೆ ಬೇರೆ ಮಾತೆಲ್ಲ ಉಕ್ಕಿ ಬರುತ್ತಿತ್ತು. ಈ ಸಲ ಬಿಲ್ಲೆ ಎತ್ತಲು ಅರ್ಧ ಬೀದಿ ಬಂದಿರಲಿಲ್ಲವಂತೆ. ಕನ್ನಡಕದಂಗಡಿಯವರು ಊರಲ್ಲಿರಲಿಲ್ಲ, ಲಾಂಡ್ರಿ ಕೋಣೆ ನೋಡಿಕೊಳ್ಳುವ ನರ್ಸಕ್ಕ ತಮ್ಮದರ ಜೊತೆ ಅವರದ್ದೂ ಎತ್ತಿದರು. ಲೈನ್‌ಮನ್‌ಗೆ ಸೊಂಟನೋವು, ಅವರದನ್ನು ಇವನು ಎತ್ತಿದ. ಪಾಪ, ಒಬ್ಬರಿಗೊಬ್ಬರು ಅಷ್ಟೂ ಆಗದಿದ್ದರೆ ಹೇಗೆ ಎಂದು ಬಡಗಿ ಕೇಳಿದ.

ಅತ್ತೆಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಳ್ಳರು, ಕಂಪನಿಗಳು, ಪೊಲೀಸರು, ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಿಯಮ ಮಾಡಿದ್ದರು. ಈ ಬೀದಿಯವರ ಒಳ್ಳೆಯತನವನ್ನು ಮರೆತಿದ್ದರು.

ಮಧ್ಯಾಹ್ನ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲ ಹೇಳಿದರು. ಅತ್ತೆಯ ಗಂಡ ಎನ್ನುವ ಒಂದೇ ಅರ್ಹತೆಯ ಮೇಲೆ ಇಡೀ ಬೀದಿಗೆ ಮಾವನಾದವರು ಅವರು, ಗಡಿಯಾರ ರಿಪೇರಿಯವರು. ಸುಳ್ಳು ಹೇಳಲು ಬರುವುದಿಲ್ಲ ಎನ್ನುವ ಒಂದು ದೋಷ ಬಿಟ್ಟರೆ ಒಳ್ಳೆಯ ಗಂಡ. ನರ್ಸಕ್ಕನನ್ನು ಜೋರು ಮಾಡಬೇಡ, ನಮ್ಮ ಮೂರು ಮಕ್ಕಳನ್ನೂ ಮೊದಲು ಎತ್ತಿಕೊಂಡದ್ದು ಅವಳೇ ಎಂದಷ್ಟೇ ಹೇಳಿ, ಅತ್ತೆಯ ತಟ್ಟೆಗೆ ಇನ್ನಷ್ಟು ಬಡಿಸಿದರು.

ಲಾಂಡ್ರಿ ಕೋಣೆಯ ಪಾಳಿ ಹಗಲೆಲ್ಲ ನರ್ಸಕ್ಕನದು. ಯಂತ್ರಗಳು ಗುಡುಗುಡು ಎನ್ನುತ್ತಿದ್ದವು. ಗೋಡೆಯ ಪರದೆಯ ಮೇಲೆ ಕೊಕ್ಕರೆ, ಗೀಜಗ, ಗುಬ್ಬಿಗಳ ಸಾಲಿತ್ತು, ಪಕ್ಕದಲ್ಲಿ ಮಧ್ಯರಾತ್ರಿಯಿಂದ ಹರಿದ ನೀರಿನ ಗೆರೆಗಳು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೂ ನರ್ಸಕ್ಕ ಬಿಳಿಯ ಏಪ್ರನ್ ಬಿಟ್ಟಿರಲಿಲ್ಲ. ಹಗಲು ಕಿವಿಗೆ ಮಿಷನ್ ಹಾಕಿಕೊಳ್ಳುತ್ತಾರೆ, ಮಲಗುವಾಗ ತೆಗೆದಿಡುತ್ತಾರೆ, ಆಮೇಲೆ ಮನೆಯ ಮೇಲೆ ಬೆಟ್ಟ ಬಿದ್ದರೂ ಗೊತ್ತಾಗುವುದಿಲ್ಲ.

"ಬಾ ಪತ್ತೆಮ್ಮ, ಇದರ ತುದಿ ಹಿಡಿ," ಎಂದು ಹಾಸಿಗೆ ಬಟ್ಟೆಯೊಂದನ್ನು ಚಾಚಿದರು.

ಅತ್ತೆ ಹಿಡಿದರು. ಇಬ್ಬರೂ ಸೇರಿ ಜಾಡಿಸಿ ಮಡಿಸಿದರು. ಮಡಿಕೆ ಮುಗಿಯುವಷ್ಟರಲ್ಲಿ ಅತ್ತೆ ಕೇಳಿಯೂ ಆಗಿತ್ತು.

ನರ್ಸಕ್ಕ ಮುಚ್ಚಿಡಲಿಲ್ಲ. ಹೌದು, ಎರಡು ಬಿಲ್ಲೆ ಎತ್ತಿದ್ದೆ. ಹೌದು, ಅವರ ಹಕ್ಕಿ ಯಾವುದೆಂದು ಕಣ್ಣಿಗೆ ಬಿತ್ತು. ದಿನಾ ಬೆಳಿಗ್ಗೆ ಇಲ್ಲಿ ಕೂತರೆ ಆ ಗೆರೆ ತಾನಾಗಿಯೇ ಕಾಣುತ್ತಿತ್ತು. "ನಸುಕಲ್ಲಿ ಚೂರು ನೀರು. ನಿಲ್ಲತ್ತೆ. ಮತ್ತೆ ಚೂರು ನೀರು. ದಿನಾ ಹೀಗೇ. ಮುಖ ತೊಳೆಯೋ ನೀರು ಯಾವುದು, ವಾಂತಿ ಮಾಡಿ ಬಾಯಿ ಮುಕ್ಕಳಿಸೋ ನೀರು ಯಾವುದು, ನನಗೆ ಯಾರಾದ್ರೂ ಹೇಳಿಕೊಡಬೇಕಾ? ಹೋದ ಸಲ ಆ ಮಗು ಹೋದಾಗ ನಾನೂ ಅತ್ತಿದ್ದೆ. ಈ ಸಲ ಗೊತ್ತಾದಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಡಗಿ ಹತ್ರ ಓಡಿದೆ. ಒಳ್ಳೇದು ಮಾಡಿದ್ದೂ ತಪ್ಪಾ?"

"ಬಸುರಿ ಅಂತ ಹೇಳೋದು ಅವಳ ಮಾತು ಅಕ್ಕ. ಅದನ್ನ ಅವಳ ಬಾಯಿಂದ ಕಿತ್ಕೊಂಡು ನೀವು ಬಾಗಿಲಲ್ಲಿ ಇಟ್ಟಿರಿ."

ನರ್ಸಕ್ಕನ ಕೈ ಬಟ್ಟೆಯ ಮೇಲೆ ನಿಂತಿತು. ಬ್ರೆಡ್ ಅಂಗಡಿಯಲ್ಲಿ, ಮೆಟ್ಟಿಲ ಮೇಲೆ ಒಬ್ಬೊಬ್ಬರಿಗೂ ಇಲ್ಲ ಇಲ್ಲ ಎಂದು ಹೇಳಿ ಬಂದ ಹುಡುಗಿಯ ಕಥೆಯನ್ನು ಅತ್ತೆ ಹೇಳಿದರು. ಕೇಳುತ್ತ ಕೇಳುತ್ತ ನರ್ಸಕ್ಕ ಏಪ್ರನ್ನಿನ ಅಂಚಿನಿಂದ ಕಣ್ಣೊರೆಸಿಕೊಂಡರು. ಸಂಜೆ ಎಲ್ಲರೆದುರು ಕ್ಷಮೆ ಕೇಳುತ್ತೇನೆ ಎಂದರು.

ಇಲ್ಲಿಗೆ ಕೇಸು ಮುಗಿಯಬೇಕಿತ್ತು. ಆದರೆ ತಲೆಯ ಮೂಲೆಯಲ್ಲಿಟ್ಟುಕೊಂಡ ಮಾತು ಅತ್ತೆಯನ್ನು ಚುಚ್ಚಿತು. ಗಂಡ ಎಬ್ಬಿಸುವ ತನಕ ಏಳದ ಹುಡುಗಿ, ಒಂದು ದಿನವೂ ವಾಂತಿಯಾಗದ ಹುಡುಗಿ, ನಸುಕಿನಲ್ಲಿ ಯಾಕೆ ಬಾಯಿ ಮುಕ್ಕಳಿಸುತ್ತಾಳೆ?

"ಅಕ್ಕ, ಅವರಿಗೆ ಅಂತ ಎತ್ತಿದ್ದು ಯಾವ ಹಕ್ಕಿ?"

"ಮಿಂಚುಳ್ಳಿ. ನಮ್ಮನೆಗೆ ಮರಕುಟಿಗ. ಎರಡನ್ನೂ ಏಪ್ರನ್ ಜೇಬಿಗೆ ಹಾಕ್ಕೊಂಡು ಬಂದು, ಮಾರನೇ ದಿನ ಅವರು ಊರಿಂದ ಬಂದ ಮೇಲೆ ಒಂದನ್ನ ಕೊಟ್ಟೆ. ನೋಡದೇ ಕೊಡಬೇಕು ಅಂತ ನೀನೇ ಹೇಳಿದ್ಯಲ್ಲ, ಚಿತ್ರ ಕೆಳಗೆ ಮಾಡೇ ಕೊಟ್ಟೆ, ಉಳಿದದ್ದನ್ನ ಹಾಗೇ ನಮ್ಮ ಡಬ್ಬಿಗೆ ತೂರಿಸಿದೆ."

ಅತ್ತೆಯ ಚೀಲದಲ್ಲಿ, ಬೆಳಿಗ್ಗೆ ಹುಡುಗಿ ಕಿತ್ತು ಕೊಟ್ಟ ಬಿಲ್ಲೆಯಿತ್ತು. ಅದು ಮರಕುಟಿಗ.

ಎರಡು ಬಿಲ್ಲೆಗಳೂ ಜೇಬಿನಲ್ಲೇ ಅದಲುಬದಲಾಗಿದ್ದವು. ಮಿಂಚುಳ್ಳಿ ಇರುವುದು ನರ್ಸಕ್ಕನ ಮನೆಯ ಗೋಡೆಯಲ್ಲಿ. ಇಷ್ಟು ದಿನ ನರ್ಸಕ್ಕ ಕಣ್ಣಿಟ್ಟು ನೋಡಿದ್ದು ತಮ್ಮದೇ ಮನೆಯ ನೀರು. ಹುಡುಗಿ ಕೂಡ ಬಸುರಿಯಾದದ್ದು, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ.

ನರ್ಸಕ್ಕನ ಮನೆಯಲ್ಲಿ ಇರುವವರು ಇಬ್ಬರೇ. ಕೆಳಗೆ ನರ್ಸಕ್ಕ, ಮಹಡಿಯ ಮೇಲೆ ಮಗಳು.

ಆ ಮಗಳೇ ಆಗ ಬಾಗಿಲಲ್ಲಿ ಕಾಣಿಸಿಕೊಂಡಳು. ಬಸ್ ಓಡಿಸುವವಳು, ಮದುವೆಯ ಮಾತೆತ್ತಿದರೆ ಹಾರ್ನ್ ಹೊಡೆದು ಹೋಗುವವಳು ಎಂದು ಬೀದಿಯಲ್ಲಿ ತಮಾಷೆ. ಮನೆಯ ಬೀಗದ ಕೈ ಕೊಡಲು ಬಂದಿದ್ದಳು. ಇನ್ನೊಂದು ಕೈಯಲ್ಲಿ ಅರ್ಧ ನಿಂಬೆಹಣ್ಣಿತ್ತು, ಮಾತಿನ ನಡುವೆ ಮೂಸುತ್ತಿದ್ದಳು.

"ಹೊಟ್ಟೆ ಕೆಟ್ಟಿದೆಯಂತೆ," ಎಂದರು ನರ್ಸಕ್ಕ. "ಡಿಪೋ ಕ್ಯಾಂಟೀನಿನ ಊಟ ಬಿಡು ಅಂದ್ರೆ ಕೇಳಲ್ಲ."

ಊರಿನ ಬಸುರಿಯರನ್ನೆಲ್ಲ ನಡಿಗೆಯಲ್ಲೇ ಗುರುತಿಸುವ ನರ್ಸಕ್ಕ ಇದನ್ನು ಹೇಳಿ ಮುಂದಿನ ಬಟ್ಟೆ ಮಡಿಸತೊಡಗಿದರು. ದೀಪದ ಬುಡದಲ್ಲೇ ಕತ್ತಲು ಎನ್ನುವುದು ಸುಳ್ಳಲ್ಲ. ಅತ್ತೆ ಥಟ್ಟನೆ ಕಣ್ಣು ತಿರುಗಿಸಿ, ಒಗೆಯುವ ಯಂತ್ರದೊಳಗೆ ತಿರುಗುತ್ತಿದ್ದ ಯಾರದೋ ಕಾಲುಚೀಲಗಳನ್ನು ನೋಡುತ್ತ ನಿಂತರು. ಆದರೆ ಮಗಳು ಅವರ ಮುಖ ನೋಡಿಬಿಟ್ಟಿದ್ದಳು.

ಹೊರಗಿನ ಓಣಿಯಲ್ಲಿ ಅವಳು ಕಾದಿದ್ದಳು.

"ನಿಮಗೆ ಗೊತ್ತಾಯ್ತು."

"ನನಗೇನೂ ಗೊತ್ತಿಲ್ಲಮ್ಮ."

"ಅತ್ತೆ, ನಾನು ನನ್ನ ಹುಡುಗನಿಗೂ ಹೇಳಿಲ್ಲ. ಏನು ಮಾಡಬೇಕು ಅಂತ ನನಗೇ ಇನ್ನೂ ತೀರ್ಮಾನವಾಗಿಲ್ಲ. ಅಮ್ಮನಿಗೆ ಗೊತ್ತಾದ್ರೆ ತೀರ್ಮಾನ ಮಾಡೋಕೆ ನನಗೆ ಏನೂ ಉಳಿಯಲ್ಲ, ತೊಟ್ಟಿಲೇ ಬಂದು ಕೂರತ್ತೆ. ಸ್ವಲ್ಪ ದಿನ ಕೊಡಿ."

ಅತ್ತೆ ಅವಳ ಭುಜದ ಮೇಲೆ ಕೈಯಿಟ್ಟರು. ಬೆಳಿಗ್ಗೆಯಿಂದ ಪತ್ತೆ ಮಾಡಲು ಹೊರಟಿದ್ದವರಿಗೆ ಈಗ ಪತ್ತೆಯಾದದ್ದನ್ನು ಮುಚ್ಚುವ ಕೆಲಸ ಬಿತ್ತು. ವಾಪಸ್ಸು ಒಳಗೆ ಹೋಗಿ ನರ್ಸಕ್ಕನಿಗೆ ತಾಕೀತು ಮಾಡಿದರು. ಸಭೆಯಲ್ಲಿ ತಪ್ಪಾಯಿತು ಎಂದಷ್ಟೇ ಹೇಳಿ, ಹಕ್ಕಿಯ ಹೆಸರು ಮಾತ್ರ ಬೇಡ, ಅದು ನಿಯಮ. ನರ್ಸಕ್ಕ ತಲೆಯಾಡಿಸಿದರು. ಕಿವಿಯ ಮಿಷನ್ ಸರಿಯಾಗಿತ್ತೋ ಇಲ್ಲವೋ ದೇವರಿಗೇ ಗೊತ್ತು.

ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಬೆಂಚುಗಳು ತುಂಬಿದ್ದವು, ಯಾರೋ ಟೀ ಹಂಚುತ್ತಿದ್ದರು. ತೊಟ್ಟಿಲನ್ನು ಬೆಳಿಗ್ಗೆಯೇ ಮೆಟ್ಟಿಲು ಹತ್ತಿಳಿದವರೆಲ್ಲ ನೋಡಿ ಆಗಿದ್ದರಿಂದ ಮುಚ್ಚುವುದಕ್ಕೇನೂ ಇರಲಿಲ್ಲ. ಹುಡುಗಿ ಗಂಡನ ಪಕ್ಕದಲ್ಲಿ ಬಿಗಿಯಾಗಿ ಕೂತಿದ್ದಳು. ನರ್ಸಕ್ಕನ ಮಗಳು ಯೂನಿಫಾರ್ಮಿನಲ್ಲಿ ಹಿಂದಿನ ಬೆಂಚಿನಲ್ಲಿದ್ದಳು, ಡ್ಯೂಟಿಗೆ ಹೊರಡುವವಳು.

ನರ್ಸಕ್ಕ ಎದ್ದು ನಿಂತು ಚೆನ್ನಾಗಿಯೇ ಹೇಳಿದರು. ತೊಟ್ಟಿಲು ನನ್ನದು, ನೋಡಬಾರದ್ದನ್ನು ನೋಡಿದೆ, ನೋಡಿ ಸುಮ್ಮನಿರದೇ ಹೋದೆ. "ನಿನ್ನ ಸಂತೋಷಕ್ಕೆ ನಾನು ಮುಂಚೆ ಕೈ ಹಾಕಿಬಿಟ್ಟೆ ಮಗಳೇ. ತಪ್ಪಾಯ್ತು." ಹುಡುಗಿಯ ಬಿಗಿದ ಭುಜ ಸಡಿಲವಾಯಿತು. ಅತ್ತೆ ಉಸಿರು ಬಿಟ್ಟರು.

ಕೆಡಿಸಿದ್ದು ಲೈನ್‌ಮನ್. ತಮ್ಮ ಜಾಲದ ಮಾನ ಹೋಯಿತೆಂದು ಊರುಗೋಲು ಕುಟ್ಟಿ ಎದ್ದರು. ನನ್ನ ಡಬ್ಬಿಗೆ ಬಾಯಿಲ್ಲ, ಅದು ಯಾರ ಗುಟ್ಟನ್ನೂ ಹೇಳುವುದಿಲ್ಲ, ಹೇಗೆ ನೋಡಿದಿರಿ ಹೇಳಿ ಎಂದು ಹಟ ಹಿಡಿದರು. ನರ್ಸಕ್ಕನಿಗೂ ತಾವು ಹೇಳುತ್ತಿರುವುದು ಸುಳ್ಳಲ್ಲ ಎಂದು ತೋರಿಸುವ ಹುಮ್ಮಸ್ಸು.

"ದಿನಾ ನಸುಕಲ್ಲಿ ಮಿಂಚುಳ್ಳಿ ಮನೇಲಿ ವಾಂತಿ ನೀರು ಹರೀತಿತ್ತು. ಅವರಿಗೆ ಮಿಂಚುಳ್ಳಿ ಎತ್ತಿ ಕೊಟ್ಟಿದ್ದು ನಾನೇ."

ಹುಡುಗಿ ಹುಬ್ಬು ಗಂಟಿಕ್ಕಿದಳು. "ನನಗೆ ವಾಂತಿಯೇ ಆಗಿಲ್ಲ ನರ್ಸಕ್ಕ. ನಮ್ಮದು ಮಿಂಚುಳ್ಳಿ ಅಲ್ಲ, ಮರಕುಟಿಗ. ಬಿಲ್ಲೆ ಅತ್ತೆ ಹತ್ರ ಇದೆ."

ಟೀ ಹಂಚುತ್ತಿದ್ದವರ ಕೈ ನಿಂತಿತು. "ಹಾಗಾದ್ರೆ ಮಿಂಚುಳ್ಳಿ ಯಾರು?" ಎಂದ ಬಡಗಿ, ಏನೂ ಅರಿಯದವನಂತೆ. ತಲೆಗಳು ಅತ್ತ ಇತ್ತ ತಿರುಗತೊಡಗಿದವು. ಹೆಂಗಸರು ಹೆಂಗಸರ ಹೊಟ್ಟೆ ನೋಡಿದರು. ಹಿಂದಿನ ಬೆಂಚಿನಲ್ಲಿ ನಿಂಬೆಹಣ್ಣು ಹಿಡಿದ ಕೈ ಜೇಬಿನೊಳಕ್ಕೆ ಹೋಯಿತು.

ಅತ್ತೆ ಎದ್ದು ನಿಂತರು.

"ನಾವೇ. ಮಿಂಚುಳ್ಳಿ ನಮ್ಮ ಮನೆ."

ಅಂಗಳ ಒಂದು ಕ್ಷಣ ಅತ್ತೆಯ ನರೆಗೂದಲನ್ನೇ ನೋಡಿತು.

"ನನ್ನನ್ಯಾಕೆ ಹೀಗೆ ನೋಡ್ತೀರಿ? ಇವರಿಗೆ," ಎಂದು ಗಂಡನ ಕಡೆ ಕೈ ಮಾಡಿದರು. "ಈ ತಿಂಗಳೆಲ್ಲ ಅಜೀರ್ಣ. ರಾತ್ರಿ ಕಡಿಮೆ ತಿನ್ನಿ ಅಂದ್ರೆ ಕೇಳಬೇಕಲ್ಲ. ನರ್ಸಕ್ಕ ಕನ್ನಡಕ ಬದಲಾಯಿಸಬೇಕು, ಉದ್ದ ಕೊಕ್ಕು ಕಂಡಿದ್ದೆಲ್ಲ ಮಿಂಚುಳ್ಳಿ ಅವರಿಗೆ."

ಮಾವನಿಗೆ ತಮ್ಮ ಮನೆ ಕೊಕ್ಕರೆ ಎಂದು ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದರು. ಹೆಂಡತಿಯ ಮುಖ ನೋಡಿದರು. ಆ ಮುಖದಲ್ಲಿ ಅವರು ಹಿಂದೆಂದೂ ಕಾಣದ ಬೇಡಿಕೆಯೊಂದಿತ್ತು. ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ನಿಧಾನವಾಗಿ ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು.

ಅಂಗಳವೆಲ್ಲ ಘೊಳ್ಳೆಂದಿತು. ತೊಟ್ಟಿಲು ಮಾವನಿಗೇ ಇರಲಿ ಎಂದರು ಒಬ್ಬರು, ತೂಗುವವರು ಯಾರು ಎಂದರು ಇನ್ನೊಬ್ಬರು. ಲೈನ್‌ಮನ್ ಕೂಡ ಊರುಗೋಲು ಬಿಟ್ಟು ನಕ್ಕರು. ಹುಡುಗಿ ನಕ್ಕಳು, ಬೆಳಿಗ್ಗೆಯಿಂದ ಮೊದಲ ಸಲ. ನಗು ತಡೆದುಕೊಂಡು ಎದ್ದು ನರ್ಸಕ್ಕನ ಕೈ ಹಿಡಿದಳು.

"ನಾವೆಲ್ಲೂ ಹೋಗಲ್ಲ. ತೊಟ್ಟಿಲು ನಿಮ್ಮ ಮನೇಲೇ ಇರಲಿ ನರ್ಸಕ್ಕ. ಬೇಕಾದಾಗ ನಾನೇ ಬಾಯಿ ಬಿಟ್ಟು ಕೇಳ್ತೀನಿ."

ಅತ್ತೆಗೆ ಎದೆ ತುಂಬಿ ಬಂತು. ಹುಡುಗಿ ಉಳಿದಳು, ಜಾಲ ಉಳಿಯಿತು, ಗಂಡ ಮೊದಲ ಸುಳ್ಳು ಹೇಳಿದರು, ಅದೂ ಬಾಯಿ ಬಿಡದೆ. ಇಂಥ ಸಂಜೆ ದಿನಾ ಸಿಗುವುದಿಲ್ಲ.

ಆಮೇಲೆ ಅವರ ಕಣ್ಣು ನರ್ಸಕ್ಕನ ಮೇಲೆ ಬಿತ್ತು.

ನಗದೆ ಇದ್ದವರು ಅಲ್ಲಿ ಅವರೊಬ್ಬರೇ. ಮಿಂಚುಳ್ಳಿ, ಮರಕುಟಿಗ ಎರಡನ್ನೂ ಒಟ್ಟಿಗೆ ಒಂದೇ ಅಂಗೈಯಲ್ಲಿಟ್ಟು ನೋಡಿದವರು ಅವರು. ಅವೆರಡೂ ಹೋದದ್ದು ಎರಡೇ ಮನೆಗೆ, ಮೂರನೆಯ ಮನೆಗೆ ಹೋಗಲು ದಾರಿಯೇ ಇಲ್ಲ. ಮರಕುಟಿಗ ಹುಡುಗಿಯ ಮನೆಯಲ್ಲಿದ್ದರೆ ಮಿಂಚುಳ್ಳಿ ಎಲ್ಲಿರಬೇಕು?

ನರ್ಸಕ್ಕ ಏಪ್ರನ್ನಿನ ಜೇಬನ್ನು ಒಮ್ಮೆ ಮುಟ್ಟಿಕೊಂಡರು. ಅತ್ತೆಯ ಕಡೆ ನೋಡಲೇ ಇಲ್ಲ. ನಗುವವರ ನಡುವೆ ಜಾಗ ಮಾಡಿಕೊಂಡು ಹಿಂದಿನ ಬೆಂಚಿನ ತನಕ ನಡೆದು ಹೋಗಿ, ಎದ್ದು ನಿಂತಿದ್ದ ಮಗಳ ಎದುರು ನಿಂತರು. ಇನ್ನು ಏನನ್ನೂ ಕೇಳಿಸಿಕೊಳ್ಳುವುದಿಲ್ಲ ಎನ್ನುವಂತೆ ಕಿವಿಯಿಂದ ಮಿಷನ್ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಇವತ್ತು ಡ್ಯೂಟಿಗೆ ಹೋಗಬೇಡ," ಎಂದರು. "ಮನೆಗೆ ನಡಿ."